ಪಿಕಪ್ ಗಾಡಿಯ ಸೈಲೆನ್ಸರ್ ಲೀಕ್: ವೆಲ್ಡಿಂಗ್‌ಗೆ ಮೊದಲು ಜಾಗ ಹುಡುಕಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕಡೆಯಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ನಾಲ್ಕು ಕಿಲೋಮೀಟರ್ ಓಡಿದ ಮೇಲೆ ತಾನಾಗಿಯೇ ನಿಲ್ಲುತ್ತದೆ. ಸರಿಹೋಯ್ತು ಅಂತ ಬಿಟ್ಟುಬಿಡಬೇಡಿ. ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಕೊಳವೆ, ಅಂದ್ರೆ ಮ್ಯಾನಿಫೋಲ್ಡ್, ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿಕೊಂಡಿರುತ್ತದೆ ಅಷ್ಟೇ, ತಣ್ಣಗಾದರೆ ಮತ್ತೆ ತೆರೆದುಕೊಳ್ಳುತ್ತದೆ.

ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತದೆ ಅಂದ್ರೆ, ಸದ್ದು ಜಾಸ್ತಿಯಾದ ಕೂಡಲೇ ಗಾಡಿಯನ್ನು ಸೀದಾ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿ ಕಣ್ಣಿಗೆ ಬಿದ್ದ ಸೈಲೆನ್ಸರ್ ಡಬ್ಬಿಗೆ ಒಂದು ತುಂಡು ತಗಡು ಹಚ್ಚಿ ಕಳಿಸುತ್ತಾರೆ, ಮುಂದಿನ ವಾರ ಅದೇ ಸದ್ದು. ಲೀಕ್ ಇದ್ದದ್ದು ಮುಂದೆ, ದುಡ್ಡು ಹಾಕಿದ್ದು ಹಿಂದೆ. ಆದ್ದರಿಂದ ಎಂಜಿನ್‌ನಿಂದ ಶುರುಮಾಡಿ ಹಿಂದಕ್ಕೆ ಹುಡುಕುತ್ತಾ ಬನ್ನಿ. ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್‌ಗೆ ಗಾಳಿ ನೂಕುವ ಭಾಗ) ಇರುವ ಡೀಸೆಲ್ ಪಿಕಪ್‌ಗಳಲ್ಲಿ ಹೊಗೆಯ ದಾರಿ ಹೀಗಿರುತ್ತದೆ: ಮ್ಯಾನಿಫೋಲ್ಡ್, ಟರ್ಬೊ, ಡೌನ್‌ಪೈಪ್, ಬಲೆಯಂಥ ಫ್ಲೆಕ್ಸಿಬಲ್ ಪೈಪ್, ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್, ಟೈಲ್‌ಪೈಪ್. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ನಡುವೆ ಇನ್ನೂ ಒಂದೆರಡು ಡಬ್ಬಿ, ಸೆನ್ಸರ್ ಇರುತ್ತವೆ.

ಮೊದಲು ಜೀವದ ಮಾತು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಪೆಟ್ರೋಲ್, ಸಿಎನ್‌ಜಿ ಗಾಡಿಗಳಲ್ಲಿ ಇದರ ಅಪಾಯ ಇನ್ನೂ ಜಾಸ್ತಿ, ಹಾಗಂತ ಡೀಸೆಲ್ ಹೊಗೆ ಒಳ್ಳೆಯದೇನಲ್ಲ. ಗಂಗಾವತಿ, ಕಾರಟಗಿಯ ರೈಸ್ ಮಿಲ್ ಮುಂದೆ ಲೋಡ್ ಇಳಿಸಲು ರಾತ್ರಿ ಪಾಳಿ ಕಾಯುವಾಗ ಗ್ಲಾಸ್ ಏರಿಸಿ, ಎಂಜಿನ್ ಆನ್ ಇಟ್ಟು, ಎಸಿ ಹಾಕಿಕೊಂಡು ಮಲಗುವ ರೂಢಿ ಇದ್ದರೆ ದಯವಿಟ್ಟು ಇವತ್ತೇ ಬಿಡಿ. ಗಾಡಿಯಲ್ಲಿ ಕೂತಾಗ ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸಿದಂತೆ ಆಗಿ, ಇಳಿದು ಗಾಳಿಗೆ ಬಂದ ಮೇಲೆ ಕಡಿಮೆಯಾದರೆ ಗಾಡಿಯ ಹೊಗೆಯನ್ನೇ ಅನುಮಾನಿಸಿ. ರಿಪೇರಿ ಆಗುವವರೆಗೆ ಓಡಿಸಬೇಡಿ. ಚೆಕ್ ಮಾಡುವುದೂ ಬಯಲಿನಲ್ಲೇ, ಶೆಡ್ ಬಾಗಿಲು ಹಾಕಿಕೊಂಡು ಅಲ್ಲ.

ಈಗ ಹುಡುಕುವ ಕೆಲಸ. ಅಡಿಭಾಗಕ್ಕೆ ವಾಟರ್ ಸರ್ವಿಸ್ ಮಾಡಿಸಿ ಆಮೇಲೆ ನೋಡೋಣ ಅಂದುಕೊಳ್ಳಬೇಡಿ, ಸಾಕ್ಷಿಯೇ ತೊಳೆದುಹೋಗುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ರಸ್ತೆಯಲ್ಲಿ ಓಡುವ ಗಾಡಿಗಳ ಅಡಿ ಪೂರ್ತಿ ಕೆಂಪು ಧೂಳು. ಡೀಸೆಲ್ ಗಾಡಿಯ ಹೊಗೆ ಲೀಕ್ ಇದ್ದ ಕಡೆ ಆ ಕೆಂಪಿನ ಮೇಲೆ ಬೀಸಣಿಗೆ ಆಕಾರದಲ್ಲಿ ಕಪ್ಪು ಮಸಿ ಚೆಲ್ಲಿಕೊಂಡಿರುತ್ತದೆ, ಅದರ ಮೊನೆ ಎಲ್ಲಿ ಶುರುವಾಗಿದೆಯೋ ಅಲ್ಲೇ ತೂತು. ಬೆರಳಿಂದ ಒರೆಸಿದರೆ ಎಣ್ಣೆಯಂತೆ ಅಂಟುವುದಿಲ್ಲ, ಒಣ ಕಾಡಿಗೆಯಂತೆ ಹತ್ತುತ್ತದೆ. ಸಿಂಧನೂರು, ಸಿರುಗುಪ್ಪ ಕಡೆ ಗದ್ದೆಗೆ ಇಳಿಯುವ ಗಾಡಿಗಳದ್ದು ಬೇರೆ ಕಥೆ. ಅಲ್ಲಿ ಎರೆಮಣ್ಣು ಪೈಪಿಗೆ ಮೆತ್ತಿಕೊಂಡು ಮಸಿಯನ್ನೂ ಮುಚ್ಚುತ್ತದೆ, ಹಸಿ ಹಿಡಿದು ತುಕ್ಕನ್ನೂ ತರುತ್ತದೆ. ಅದನ್ನು ಒಣಗಿದ ಮೇಲೆ ಕೆರೆದು ತೆಗೆದು ನೋಡಬೇಕು.

ಮಸಿ ಕಾಣದಿದ್ದರೆ ರಾತ್ರಿಯೆಲ್ಲ ತಣ್ಣಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿಸಿ. ಮೊದಲ ಒಂದೆರಡು ನಿಮಿಷವೇ ನಿಮಗೆ ಸಿಗುವ ಸಮಯ. ಒಬ್ಬರು ಗ್ಲೌಸ್ ಹಾಕಿಕೊಂಡು ದಪ್ಪ ಒದ್ದೆ ಬಟ್ಟೆಯಿಂದ ಟೈಲ್‌ಪೈಪ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ, ಮುಖ ಪಕ್ಕಕ್ಕಿರಲಿ. ಒತ್ತಡ ಏರಿ ಲೀಕ್ ಇರುವ ಜಾಗ ಬುಸ್ ಅನ್ನುತ್ತದೆ. ಊದಿನಕಡ್ಡಿ ಹಚ್ಚಿ ಒಂದೊಂದು ಜೋಡಣೆಯ ಹತ್ತಿರ ಹಿಡಿದರೂ ಆಗುತ್ತದೆ, ಲೀಕ್ ಇದ್ದಲ್ಲಿ ಅದರ ಹೊಗೆ ಚದುರುತ್ತದೆ. ಡೀಸೆಲ್ ಪೈಪ್ ಎಲ್ಲಾದರೂ ಜಿನುಗುತ್ತಿದ್ದರೆ, ಅಥವಾ ಗಾಡಿ ಪೆಟ್ರೋಲ್, ಸಿಎನ್‌ಜಿ ಆಗಿದ್ದರೆ ಕಡ್ಡಿಯ ಸಹವಾಸ ಬೇಡ. ಇನ್ನೂ ನಿಖರವಾಗಿ ಬೇಕಾದರೆ ಎಂಜಿನ್ ಬಂದ್ ಮಾಡಿ, ಟೈಲ್‌ಪೈಪ್‌ಗೆ ಬ್ಲೋವರ್ ಗಾಳಿ ಬಿಟ್ಟು, ಜೋಡಣೆಗಳಿಗೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಇಲ್ಲಿ ಎಷ್ಟೋ ಜನ ಮೋಸ ಹೋಗುವುದು ಸದ್ದಿನಲ್ಲಿ. ಆಕ್ಸಿಲರೇಟರ್ ಒತ್ತಿದಾಗ ಸುಯ್ ಅಂತ ಸೀಟಿ ಬಂದು, ಗಾಡಿಯ ಎಳೆತ ಕಡಿಮೆಯಾಗಿ, ಕಪ್ಪು ಹೊಗೆ ಬಂದರೆ ಟರ್ಬೊ ಹೋಗಿದೆ ಅಂತ ಹೇಳಿಬಿಡುತ್ತಾರೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಗಾಳಿ ತಣ್ಣಗಾಗಿಸುವ ಭಾಗ) ಹೋಗುವ ರಬ್ಬರ್ ಹೋಸ್ ಸೀಳಿದರೂ ಇದೇ ಲಕ್ಷಣ, ಟರ್ಬೊಗಿಂತ ಮುಂಚಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಹೋದರೂ ಇದೇ ಲಕ್ಷಣ. ಹೋಸ್ ಆದರೆ ಎಣ್ಣೆ ಪಸೆ ಇರುತ್ತದೆ, ಗ್ಯಾಸ್ಕೆಟ್ ಆದರೆ ಮಸಿ. ಇನ್ನು ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಗಟ್ಟಿ ಕಪ್ಪು ಕಟ್ಟಿದ್ದರೆ ಅದು ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಲೀಕ್, ಸೈಲೆನ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ. ಟರ್ಬೊ ಬದಲಿಸುವ ಖರ್ಚಿಗೆ ಒಪ್ಪುವ ಮುಂಚೆ ಈ ಮೂರನ್ನೂ ಟಾರ್ಚ್ ಹಿಡಿದು ನೀವೇ ನೋಡಿ.

ಜಾಗ ಸಿಕ್ಕಿತಲ್ವಾ, ಈಗ ರಿಪೇರಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಡಿ ಎತ್ತಿದರೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಇಡಿ.

ಫ್ಲೇಂಜ್ (ಎರಡು ಪೈಪ್ ಸೇರುವ ಅಂಚಿನ ಬಿಲ್ಲೆ) ಅಥವಾ ಮ್ಯಾನಿಫೋಲ್ಡ್ ನಟ್ ಸಡಿಲವಾಗಿದ್ದರೆ ಮೊದಲು ಟೈಟ್ ಮಾಡಿ ನೋಡಿ. ನಿಲ್ಲದಿದ್ದರೆ ಗ್ಯಾಸ್ಕೆಟ್ ಹೊಸದು ಹಾಕಲೇಬೇಕು, ಬಿಚ್ಚಿದ ಹಳೆಯದನ್ನು ಮತ್ತೆ ಕೂರಿಸಬೇಡಿ. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಪಾನಾ ಹಾಕಿ ಒಂದೇ ಸಲ ಜೋರು ಮಾಡಿದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಮುರಿಯುತ್ತದೆ, ಆಮೇಲೆ ಎಂಜಿನ್ ಹೆಡ್‌ನಿಂದ ಅದನ್ನು ತೆಗೆಸುವುದೇ ದೊಡ್ಡ ಕೆಲಸ. ಸ್ವಲ್ಪ ಬಿಚ್ಚಿ, ಸ್ವಲ್ಪ ಮುಚ್ಚಿ, ಹೀಗೆ ಆಡಿಸುತ್ತಾ ತೆಗೆಯಿರಿ. ಹಳೆ ಗ್ಯಾಸ್ಕೆಟ್ ಚೂರು ಕೆರೆದು, ಮ್ಯಾನಿಫೋಲ್ಡ್ ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು ಕೆಳಗಿಂದ ಬೆಳಕು ಬರುತ್ತದಾ ನೋಡಿ. ಬಂದರೆ ಅದು ಸೊಟ್ಟಗಾಗಿದೆ, ಲೇತ್‌ ವರ್ಕ್ಸ್‌ನಲ್ಲಿ ಫೇಸಿಂಗ್ ಮಾಡಿಸಿ ಮುಖ ಸಮ ಮಾಡದೆ ಯಾವ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ಕೂರಿಸುವಾಗ ನಡುವಿನ ನಟ್‌ನಿಂದ ಶುರುಮಾಡಿ ಎರಡೂ ಬದಿಗೆ, ಎರಡು ಮೂರು ಸುತ್ತಿನಲ್ಲಿ, ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ. ಬೀಡು ಕಬ್ಬಿಣದ ಮ್ಯಾನಿಫೋಲ್ಡ್‌ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಬಾಳಿಕೆ ಬರುವುದು ಕಡಿಮೆ, ಬದಲಿಸಿ.

ಫ್ಲೆಕ್ಸಿಬಲ್ ಪೈಪ್ ಹರಿದಿದ್ದರೆ ಅದೇ ಅಳತೆಯದ್ದು ಹಾಕಿಸಿ. ಆ ಜಾಗಕ್ಕೆ ಗಟ್ಟಿ ಪೈಪ್ ಬೆಸೆದರೆ ಎಂಜಿನ್ ಅಲುಗಾಟವೆಲ್ಲ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಪೈಪ್ ತುಕ್ಕು ತಿಂದು ತೂತಾಗಿದ್ದರೆ ಮೇಲೆ ತೇಪೆ ಹಾಕಿಸಬೇಡಿ, ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ಸೇರಿಸಿ. ತೆಳು ಪೈಪ್‌ಗೆ ಸಿಓ2 ವೆಲ್ಡಿಂಗ್ ಒಳ್ಳೆಯದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಅರ್ತ್ ಕ್ಲಿಪ್ ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ, ಇಲ್ಲದಿದ್ದರೆ ಇಸಿಎಂ (ಎಂಜಿನ್‌ನ ಕಂಪ್ಯೂಟರ್), ಸೆನ್ಸರ್ ಸುಟ್ಟು, ಸೈಲೆನ್ಸರ್‌ಗಿಂತ ಎಷ್ಟೋ ಪಾಲು ಹೆಚ್ಚು ಖರ್ಚು ಬೀಳುತ್ತದೆ. ಡೀಸೆಲ್ ಪೈಪ್, ಬ್ರೇಕ್ ಪೈಪ್ ಹತ್ತಿರವಿದ್ದರೆ ಸೈಲೆನ್ಸರ್ ಇಳಿಸಿಯೇ ಬೆಸೆಯಲಿ. ಎಂ-ಸೀಲ್ ಆ ಬಿಸಿಗೆ ಉಳಿಯುವುದಿಲ್ಲ. ಸೈಲೆನ್ಸರ್‌ ಪೇಸ್ಟ್ ಊರು ಮುಟ್ಟಲು ಸಾಕು, ಅದೂ ಹಿಂದಿನ ಭಾಗಕ್ಕೆ ಮಾತ್ರ.

ಸೈಲೆನ್ಸರ್ ತೂಗುಹಾಕುವ ಹ್ಯಾಂಗರ್ ರಬ್ಬರ್‌ಗಳನ್ನು ಮರೆಯಬೇಡಿ. ಒಂದು ರಬ್ಬರ್ ಹರಿದರೆ ಸೈಲೆನ್ಸರ್ ಭಾರವೆಲ್ಲ ಮುಂದಿನ ಫ್ಲೇಂಜ್ ಮೇಲೆ ಬೀಳುತ್ತದೆ, ಭತ್ತದ ಚೀಲ ಹೇರಿಕೊಂಡು ಹಂಪ್ ಹತ್ತಿಳಿದಾಗಲೆಲ್ಲ ಅದೇ ಜೋಡಣೆ ಜಗ್ಗಿ ಮತ್ತೆ ಸೀಳುತ್ತದೆ. ತಂತಿ ಕಟ್ಟುವುದು, ಕೊಂಡಿಯನ್ನೇ ಚಾಸಿಗೆ ಬೆಸೆಯುವುದು ಎರಡೂ ಬೇಡ. ರಬ್ಬರ್ ದುಬಾರಿಯಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಬಿಎಸ್6 ಗಾಡಿಯವರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆದು ನೇರ ಪೈಪ್ ಹಾಕಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಅದರ ಹೊಗೆ ಕುಡಿಯುವವರು ನಮ್ಮ ಊರಿನ ಜನರೇ.

ರಿಪೇರಿ ಆದ ಮೇಲೆ ಒಂದೆರಡು ಲೋಡ್ ಹೊಡೆದು, ಪೂರ್ತಿ ತಣ್ಣಗಾದಾಗ ನಟ್‌ಗಳ ಟಾರ್ಕ್ ಇನ್ನೊಮ್ಮೆ ಚೆಕ್ ಮಾಡಿಸಿ. ಎಂಜಿನ್ ಲೈಟ್ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಸುಮ್ನೆ ಅಳಿಸಿ ಕಳಿಸಲು ಬಿಡಬೇಡಿ.