ದೂರದ ಯುದ್ಧ ನಮ್ಮೂರ ಮಾತಿಗೆ ಬಂದಾಗ ಲೆಕ್ಕ ಇಡೋದು ಹೇಗೆ

2022ರಲ್ಲಿ ಮಳೆ ಹಿಡಿಯುವ ಮುಂಚೆ ತೋಟಕ್ಕೆ ಗೊಬ್ಬರ ಹಾಕಬೇಕಿತ್ತು. ಮೂಡಿಗೆರೆಯ ಅಂಗಡಿಯಲ್ಲಿ ಪೊಟ್ಯಾಷ್ ಮೂಟೆಗೆ 1700 ರೂಪಾಯಿ ಅಂದರು. ಹಿಂದಿನ ವರ್ಷ ಸಾವಿರದ ಆಸುಪಾಸಿನಲ್ಲಿ ತಂದಿದ್ದೆ. ಪಕ್ಕದ ತೋಟದ ಅಣ್ಣ ಅಂಗಡಿ ಹುಡುಗನ ಮೇಲೆ ರೇಗಿದರು. ಇನ್ನೊಬ್ಬರು ಸರ್ಕಾರಕ್ಕೆ ಬೈದರು. ಮತ್ತೊಬ್ಬರು "ಉಕ್ರೇನ್ ಯುದ್ಧ ಅಲ್ವಾ, ಯಾರೇನು ಮಾಡೋಕಾಗುತ್ತೆ" ಅಂದರು. ಆವತ್ತಿನಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ.

ನೀವೂ ಇಡಿ. ಎಡಗಡೆ ತಾರೀಖು, ಬೆಲೆ. ಬಲಗಡೆ ಆ ದಿನ ಜನ ಯಾರನ್ನು ಬೈದರು ಅಂತ. ಬಲಗಡೆಯದೇ ಮುಖ್ಯ. ಬೆಲೆ ಆಮೇಲೂ ಹುಡುಕಬಹುದು, ಮಾತು ಸಿಗುವುದಿಲ್ಲ.

ಆಮೇಲೆ ಸಾಮಾನು ಬಂದ ದಾರಿ ಹಿಡಿಯಿರಿ. ನಮ್ಮ ದೇಶಕ್ಕೆ ಪೊಟ್ಯಾಷ್ ಹೆಚ್ಚೂಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. ಅದರಲ್ಲಿ ಬೆಲಾರಸ್ ದೇಶದ ಮಾಲು ಲಿಥುವೇನಿಯಾದ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಆ ರೈಲು ದಾರಿ 2022ರ ಫೆಬ್ರವರಿ 1ಕ್ಕೇ ಬಂದ್ ಆಯಿತು. ಉಕ್ರೇನ್ ಮೇಲೆ ರಷ್ಯಾ ನುಗ್ಗಿದ್ದು ಫೆಬ್ರವರಿ 24ಕ್ಕೆ. ಅಂದರೆ ಬೆಲೆ ಏರಿದ್ದರಲ್ಲಿ ಯುದ್ಧದ ಪಾಲು ಇದೆ, ಆದರೆ ಎಲ್ಲವೂ ಅದರದಲ್ಲ. ಅಂಗಡಿ ಹುಡುಗನ ಪಾಲಂತೂ ಏನೂ ಇಲ್ಲ.

ಹೊರದೇಶದಲ್ಲಿ ಬೆಲೆ ಇಳಿದಾಗ ಇಲ್ಲೂ ಇಳಿಯಿತಾ ಅಂತ ನೋಡಿ. ಅಡುಗೆ ಅನಿಲದ ಹೊರದೇಶದ ಬೆಲೆ 2022ರ ಏಪ್ರಿಲ್ ಹೊತ್ತಿಗೆ ತುಂಬಾ ಏರಿ, ಆಮೇಲೆ ಇಳಿಯಿತು. 2023ರ ಮೇ 10ಕ್ಕೆ ನಾವು ವಿಧಾನಸಭೆಗೆ ಮತ ಹಾಕಿದಾಗಲೂ ಸಿಲಿಂಡರ್ 1100ರ ಮೇಲೇ ಇತ್ತು. 200 ರೂಪಾಯಿ ಕಡಿಮೆ ಆಗಿದ್ದು ಆಗಸ್ಟ್ ಕೊನೆಗೆ. ಹಿಂದಿನ ನಷ್ಟ ತುಂಬಬೇಕಿತ್ತು ಅನ್ನೋದು ಎಣ್ಣೆ ಕಂಪನಿಗಳ ಲೆಕ್ಕ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಆದರೆ ಆ ತಿಂಗಳುಗಳನ್ನು ಸುಮ್ನೆ ಯುದ್ಧದ ಖಾತೆಗೆ ಬರೆಯಬೇಡಿ.

ನೋಟ್‌ಬುಕ್ ಶುರು ಮಾಡುವ ಮುಂಚಿನ ಒಂದು ದಿನವನ್ನು ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. 2022ರ ಮಾರ್ಚ್ 1. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ತಿನ್ನುವ ಸಾಮಾನು ತರಲು ಹೋದವನು ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಹಿಂದಿನ ದಿನದವರೆಗೂ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ರಷ್ಯಾ ಸರಿಯಾ, ಉಕ್ರೇನ್ ಸರಿಯಾ ಅಂತ ವಾದ ನಡೆದಿತ್ತು. ಆ ಸಂಜೆ ಅದರ ಸುದ್ದಿಯೇ ಇಲ್ಲ. ನಮ್ಮ ಮಕ್ಕಳಿಗೆ ಇಲ್ಲೇ ಸೀಟು ಯಾಕೆ ಸಿಗಲ್ಲ, ಖಾಸಗಿ ಕಾಲೇಜಲ್ಲಿ ಫೀಸು ಯಾಕಿಷ್ಟು, ನೀಟ್ ಬೇಕಾ ಅಂತ ಶುರುವಾಯಿತು. ತಂಗಿಯ ಮಗಳು ಆಗ ಪಿಯುಸಿ, ಡಾಕ್ಟರ್ ಆಗುವ ಆಸೆ. ತಂಗಿ ಫೋನ್ ಮಾಡಿ, "ಅಣ್ಣ, ಟಿವಿ ನೋಡಿದ್ಯಾ" ಅಂದವಳು ಆಮೇಲೆ ಮಾತಾಡಲೇ ಇಲ್ಲ. ಇಂಥ ದಿನ ಯಾರ ಪಾಲು ಎಷ್ಟು ಅಂತ ಹಂಚಲು ಹೋಗಬೇಡಿ. ಕೇಳಿಸಿಕೊಳ್ಳಿ, ಬರೆದಿಡಿ.

ಇನ್ನೊಂದು ಇದೆ. 2024ರಲ್ಲಿ ರೊಬಸ್ಟಾ ಕಾಫಿ ಬೆಲೆ ಏರಿದಾಗ ನಮ್ಮ ಕಡೆ ಯಾರ ಬಾಯಲ್ಲೂ ಯುದ್ಧದ ಮಾತು ಬರಲಿಲ್ಲ. ವಿಯೆಟ್ನಾಂನಲ್ಲಿ ಬೆಳೆ ಕಡಿಮೆ ಇತ್ತು, ನಿಜ. ಗಾಜಾ ಯುದ್ಧದ ನೆಪದಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆಗಿ, ವಿಯೆಟ್ನಾಂ ಕಾಫಿ ಆಫ್ರಿಕಾ ಸುತ್ತಿಕೊಂಡು ತಡವಾಗಿ ಯುರೋಪ್ ಸೇರುತ್ತಿತ್ತು ಅನ್ನೋದೂ ನಿಜ. ಗೊಬ್ಬರದ ಬಿಲ್ಲಿನ ಜೊತೆ ಕಾಫಿ ಮಾರಿದ ಚೀಟಿಯನ್ನೂ ಅದೇ ಪುಸ್ತಕಕ್ಕೆ ಅಂಟಿಸಿ.