ಬಿದ್ರಿ ಹೂಜಿ, ಮೂವತ್ತೇ ಮೆಶ್ ಬಿಂದುಗಳಲ್ಲಿ

ಕಪ್ಪು ಲೋಹ, ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆ-ಆಕಾರಗಳ ಚಿತ್ರವಾದ ವೆಕ್ಟರ್‌ನಲ್ಲಿ ನಿಜದಂತೆ ಬರುವುದಿಲ್ಲ, ಫೋಟೊ ಹಾಕಿ ಮುಗಿಸಿ ಎಂಬ ಮಾತು ಪ್ರೆಸ್ಸಿನವರಿಂದ ಹಿಡಿದು ಡಿಸೈನ್ ಮಾಡುವವರ ತನಕ ಎಲ್ಲರದ್ದೂ ಆಗಿತ್ತು. ಅದರಲ್ಲೂ ಬೀದರಿನ ಲೋಹದ ಕುಸುರಿಯಾದ ಬಿದ್ರಿ ಎಂದರೆ ಕಪ್ಪಿನ ಮೇಲೆ ಕೂದಲೆಳೆಯ ಬೆಳ್ಳಿ, ಅದು ದುಂಡನೆಯ ಮೈಮೇಲೆ ಸುತ್ತಿಕೊಂಡಿರಬೇಕು. ಈಗ ಅದೇ ಹೂಜಿ 4 ಸೆಂ.ಮೀ. ಲೇಬಲ್ಲಿನ ಮೇಲೂ 8 ಅಡಿ ಫ್ಲೆಕ್ಸಿನ ಮೇಲೂ ಒಂದೇ ಫೈಲಿನಿಂದ ಅಚ್ಚಾಗಿದೆ. ಲೇಬಲ್ ನೋಡಿದವರು ಯಾವ ಕ್ಯಾಮೆರಾ ಎಂದು ಕೇಳುತ್ತಾರೆ. ಆದ್ದರಿಂದ ದಾರಿಯನ್ನು ಬರೆದಿಡುತ್ತಿದ್ದೇನೆ. ಪೆನ್ ಟೂಲ್, ಕ್ಲಿಪ್ಪಿಂಗ್ ಮಾಸ್ಕ್ (ಒಂದು ಆಕಾರದ ಹೊರಗಿನದನ್ನು ಮರೆಮಾಡುವುದು), ಮೆಶ್ (ಬಣ್ಣದ ಬಿಂದುಗಳ ಬಲೆ, ಬಿಂದುವಿನಿಂದ ಬಿಂದುವಿಗೆ ಬಣ್ಣ ಮೆಲ್ಲಗೆ ಬೆರೆಯುತ್ತದೆ) ಗೊತ್ತಿದ್ದವರಿಗೆ ಇದು. ಕೆಲಸ ಅಡೋಬಿಯ ಡ್ರಾಯಿಂಗ್ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ, ಮೌಸಿನಲ್ಲೇ, ಟ್ಯಾಬ್ಲೆಟ್ ಬೇಕಿಲ್ಲ.

ಮೊದಲು ಬಿದ್ದುಹೋದ ದಾರಿಗಳು. ಫೋಟೊವನ್ನು ತಾನಾಗಿ ವೆಕ್ಟರ್ ಮಾಡುವ ಇಮೇಜ್ ಟ್ರೇಸ್ ಅನ್ನು ಅತ್ಯಂತ ಸೂಕ್ಷ್ಮಕ್ಕೆ ಇಟ್ಟರೂ ಕಪ್ಪಿನೊಳಗಿನ ಮೆಲುಬೆಳಕು ಐದಾರು ತುಂಡು ದ್ವೀಪಗಳಾಗಿ ಒಡೆಯುತ್ತದೆ. ಲೇಬಲ್ಲಿನಲ್ಲಿ ನಡೆದೀತು, ಎರಡು ಅಡಿ ದಾಟಿತೋ ತೇಪೆ ಹಾಕಿದಂತೆ ಕಾಣುತ್ತದೆ. ಎರಡನೆಯದು ಎಲ್ಲರೂ ಮಾಡುವುದು: 20 ಸಾಲು, 20 ಕಂಬದ ಮೆಶ್ ಹಾಕಿ, ಐಡ್ರಾಪರ್‌ನಿಂದ ಪ್ರತಿ ಬಿಂದುವಿಗೂ ಫೋಟೊದಿಂದ ಬಣ್ಣ ಎತ್ತುವುದು. ಕ್ಯಾಮೆರಾದ ನಾಯ್ಸ್ (ಫೋಟೊದಲ್ಲಿನ ಮರಳುಮರಳು ಚುಕ್ಕಿ) ಬಿಂದುಗಳಿಗೆ ಇಳಿಯುತ್ತದೆ, ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಶೇ. 2–3 ವ್ಯತ್ಯಾಸ ಬಂದರೂ ಸಾಕು, ಮೈಯೆಲ್ಲ ಜಜ್ಜಿದ ಅಲ್ಯುಮಿನಿಯಂ ಪಾತ್ರೆಯ ಹಾಗಾಗುತ್ತದೆ. ಐಡ್ರಾಪರ್ ಮೇಲೆ ಎರಡು ಸಲ ಕ್ಲಿಕ್ಕಿಸಿ 5×5 ಸರಾಸರಿಗೆ ಇಟ್ಟರೆ ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ಮೂರನೆಯದು ಅರ್ಧ ಹೊರಗೆರೆಯನ್ನು ಸುತ್ತ ತಿರುಗಿಸಿ ದುಂಡು ಮಾಡುವ ತ್ರೀಡಿ ರಿವಾಲ್ವ್ ಬಳಸಿ ಮೇಲೆ ಚಿತ್ತಾರ ಹೊದಿಸುವುದು. ಆಕಾರ ಕರಾರುವಾಕ್ಕು, ಬೆಳಕು ಮಾತ್ರ ಪ್ಲಾಸ್ಟಿಕ್ಕಿನದು. ಎಕ್ಸ್‌ಪ್ಯಾಂಡ್ ಮಾಡಿದರೆ (ಪರಿಣಾಮವನ್ನು ಮಾಮೂಲಿ ಆಕಾರಗಳಾಗಿ ಬಿಚ್ಚಿದರೆ) ನೂರಾರು ಪಟ್ಟಿಗಳು, ಪಟ್ಟಿಗಳ ನಡುವೆ ಬಿಳಿ ಕೂದಲುಗೆರೆ. ಆದರೂ ಅದನ್ನು ಬಿಸಾಡಿಲ್ಲ. ಚಿತ್ತಾರದ ಗೆರೆ ಎಲ್ಲಿ ಬೀಳಬೇಕೆಂದು ಒರೆಹಚ್ಚಲು ಒಂದು ಲಾಕ್ ಮಾಡಿದ ಲೇಯರ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ಫೋಟೊ ತೆಗೆಯುವಾಗಲೇ ಅರ್ಧ ಕೆಲಸ ಮುಗಿಯಬೇಕು. ಫೋನನ್ನು ಹತ್ತಿರ ಹಿಡಿದರೆ ಹೂಜಿಯ ಹೊಟ್ಟೆ ಉಬ್ಬಿ, ಬಾಯಿಯ ವೃತ್ತ ಅತಿಯಾಗಿ ತೆರೆದುಕೊಳ್ಳುತ್ತದೆ. ಎರಡೂವರೆ ಮೀಟರ್ ದೂರ ನಿಂತು ಜೂಮ್ ಮಾಡಿ. ಎಡಕ್ಕೆ ಕಿಟಕಿ, ಬಲಕ್ಕೆ ಒಂದು ಬಿಳಿ ಥರ್ಮೊಕೋಲ್ ಹಾಳೆ, ಹಿಂದೆ ಕಪ್ಪು ಬಟ್ಟೆ. ಫ್ಲ್ಯಾಶ್ ಬೇಡವೇ ಬೇಡ.

ಬಿದ್ರಿ ಹೇಗೆ ತಯಾರಾಗುತ್ತದೆ ಎಂಬುದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಒರೆಸುತ್ತಾರೆ. ಇದರಿಂದ ತಿಳಿಯುವುದು ಎರಡು. ಬೆಳ್ಳಿ ಮೈಗೆ ಸಮನಾಗಿ ಕೂತಿದೆ, ಉಬ್ಬಿಲ್ಲ. ಆದ್ದರಿಂದ ಡ್ರಾಪ್ ಶ್ಯಾಡೊ, ಎಂಬಾಸ್ ಹಾಕಿದ ಕೂಡಲೇ ಚಿತ್ರ ಸುಳ್ಳಾಗುತ್ತದೆ. ಕಪ್ಪು ಪೂರ್ತಿ ಮಂಕಲ್ಲ, ಎಣ್ಣೆಯ ಒಂದು ಅಗಲವಾದ ಮೆಲುಹೊಳಪು ಅದರ ಮೇಲಿದೆ. ಅಂದರೆ ಒಂದೇ ಮೈಮೇಲೆ ಎರಡು ಬಗೆಯ ಬೆಳಕು. ಒಂದೇ ಮೆಶ್‌ನಲ್ಲಿ ಎರಡನ್ನೂ ಹಿಡಿಯಲು ಹೋದವರೆಲ್ಲ ಎಡವಿದ್ದು ಇಲ್ಲೇ.

ಬಣ್ಣಕ್ಕೆ ಮೊದಲು ಬೂದು. ಫೋಟೊವನ್ನು ಗ್ರೇಸ್ಕೇಲ್ ಮಾಡಿ 7 ಹಂತಕ್ಕೆ ಪೋಸ್ಟರೈಸ್ ಮಾಡಿ (ಅಂದರೆ ಏಳೇ ಬೂದು ಛಾಯೆಗಳಿಗೆ ಇಳಿಸಿ), ಟೆಂಪ್ಲೇಟ್ ಲೇಯರ್‌ನಲ್ಲಿ ಇಡಿ. ಹಂತಗಳ ಅಂಚುಗಳೇ ಮೆಶ್ ಗೆರೆ ಹೋಗಬೇಕಾದ ಜಾಗ. ಹೂಜಿಯನ್ನು ಬಾಯಿ, ಕತ್ತು, ಉಂಗುರ, ಹೊಟ್ಟೆ, ಪಾದ ಎಂದು ಬೇರೆಬೇರೆ ತುಂಡು ಮಾಡಿಕೊಳ್ಳಬೇಕು. ಹೊಟ್ಟೆಗೆ ಹೊರಗೆರೆಯಿಂದ ಮೆಶ್ ಶುರುಮಾಡಬಾರದು. ಬಾಗಿದ ಗೆರೆಯ ಮೇಲೆ ಮೆಶ್ ಹಾಕಿದರೆ ಸಾಫ್ಟ್‌ವೇರ್ ತನಗೆ ತೋಚಿದಂತೆ ಗೆರೆ ತಿರುಗಿಸುತ್ತದೆ, ಆಮೇಲೆ ಹತೋಟಿ ಸಿಗುವುದಿಲ್ಲ. ಒಂದು ಆಯತಕ್ಕೆ 4 ಸಾಲು, 5 ಕಂಬ ಹಾಕಿ, ಅಂದರೆ 30 ಬಿಂದು. ಅದನ್ನು ಡೈರೆಕ್ಟ್ ಸೆಲೆಕ್ಷನ್‌ನಿಂದ ಎಳೆದು ಹೊಟ್ಟೆಯ ಆಕಾರಕ್ಕೆ ತನ್ನಿ. ಅಂಚಿನಲ್ಲಿ ಅರ್ಧ ಮಿಲಿಮೀಟರ್ ಹೊರಚಾಚಿರಲಿ. ನಿಖರವಾದ ಹೊರಗೆರೆ ಕ್ಲಿಪ್ಪಿಂಗ್ ಮಾಸ್ಕಿನ ಕೆಲಸ. ತುಂಡುಗಳ ನಡುವೆಯೂ ಹೀಗೇ: ಕೆಳಗಿನದು ಮೇಲಿನದರ ಅಡಿಗೆ ಅರ್ಧ ಮಿಲಿಮೀಟರ್ ನುಗ್ಗಿರಬೇಕು, ಇಲ್ಲದಿದ್ದರೆ ಸಂದಿನಲ್ಲಿ ಬಿಳಿಗೆರೆ ಖಂಡಿತ.

ಗೆರೆ ಸೇರಿಸುವಾಗ ಶಿಫ್ಟ್ ಒತ್ತಿ ಕ್ಲಿಕ್ ಮಾಡಿ. ಇಲ್ಲದಿದ್ದರೆ ಹಿಡಿದಿರುವ ಬಣ್ಣ ಆ ಬಿಂದುವಿಗೆ ಹತ್ತಿಬಿಡುತ್ತದೆ. ಆಲ್ಟ್ ಕ್ಲಿಕ್ ಮಾಡಿದರೆ ಗೆರೆ ಹೋಗುತ್ತದೆ. ಬಿಂದುವನ್ನು ಶಿಫ್ಟ್ ಒತ್ತಿ ಎಳೆದರೆ ತನ್ನ ಗೆರೆಯ ಮೇಲೇ ಜಾರುತ್ತದೆ, ಅಕ್ಕಪಕ್ಕ ಕೆಡುವುದಿಲ್ಲ. ನೆರಳಿನ ಅಂಚು ಗಡುಸಾಗಬೇಕೆಂದರೆ ಎರಡು ಗೆರೆಗಳನ್ನು 1–2 ಮಿ.ಮೀ. ಹತ್ತಿರ ತನ್ನಿ, ಮೆತ್ತಗಾಗಬೇಕೆಂದರೆ ದೂರ ಸರಿಸಿ. ಬಣ್ಣ ಎಷ್ಟು ಬೇಗ ಮಾರ್ಪಡುತ್ತದೆ ಎಂಬುದನ್ನು ಬಿಂದುವಿನಿಂದ ಚಾಚಿದ ಎಳೆಯುವ ಕಡ್ಡಿಯಾದ ಹ್ಯಾಂಡಲ್‌ನ ಉದ್ದ ತೀರ್ಮಾನಿಸುತ್ತದೆ. ಎರಡು ಹ್ಯಾಂಡಲ್ ಒಂದನ್ನೊಂದು ದಾಟಿದರೆ ಅಲ್ಲೊಂದು ಮಡಿಕೆ ಬೀಳುತ್ತದೆ. ಆಗಾಗ ಔಟ್‌ಲೈನ್ ನೋಟಕ್ಕೆ ಹೋಗಿ ನೋಡುತ್ತಿರಿ. ಮೆಶ್ ಕೆಟ್ಟು ಮೂಲ ಪಾತ್ ಮಾತ್ರ ಬೇಕೆಂದರೆ ಆಫ್‌ಸೆಟ್ ಪಾತ್‌ಗೆ 0 ಕೊಟ್ಟರೆ ಸಿಗುತ್ತದೆ. ಬಿಂದು ಸಾಲದು ಅನ್ನಿಸಿದಾಗಲೆಲ್ಲ ಹ್ಯಾಂಡಲ್ ಸರಿಪಡಿಸಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಹೊಸ ಗೆರೆ ಬೇಕಾಗುವುದಿಲ್ಲ.

ಇನ್ನು ಚಿತ್ತಾರ. ಬಳ್ಳಿಯ ಒಂದು ಮಡಿಯನ್ನು (ಮರುಕಳಿಸುವ ಒಂದು ತುಂಡನ್ನು) ಚಪ್ಪಟೆಯಾಗಿ ಬರೆದು, ಸುತ್ತಿಗೆ 24 ಮಡಿ ಎಂದು ಇಟ್ಟುಕೊಂಡರೆ ಒಂದೊಂದಕ್ಕೆ 15 ಡಿಗ್ರಿ. ದುಂಡು ಮೈಮೇಲೆ ಅವು ಅಂಚಿಗೆ ಹೋದಂತೆ ಕಿರಿದಾಗಬೇಕು. ಹೊಟ್ಟೆಯ ಅರ್ಧ ಅಗಲ 40 ಮಿ.ಮೀ. ಎಂದರೆ, ನಡುವಿನಿಂದ ಅಂಚಿಗೆ ಮಡಿಗಳ ಅಗಲ 10.4, 9.6, 8.3, 6.4, 4, 1.4 ಮಿ.ಮೀ. ಇದು ಸೈನ್ ಲೆಕ್ಕ, ಕಣ್ಣಂದಾಜಿನಲ್ಲಿ ಬರುವುದಿಲ್ಲ. ಕಣ್ಣು ಕೊನೆಯ ಎರಡು ಮಡಿಗಳನ್ನು ಯಾವಾಗಲೂ ಅಗಲವಾಗಿ ಬಿಡುತ್ತದೆ, ಆಗ ಹೂಜಿ ಚಪ್ಪಟೆ ತಗಡಿನಂತೆ ಕಾಣುತ್ತದೆ. ಅಗಲ ಹೀಗೆ ಹೊಂದಿಸಿಕೊಂಡ ಸಾಲನ್ನು ಹೊಟ್ಟೆಯ ಬಾಗಿಗೆ ತರಲು ಎನ್ವಲಪ್ ಡಿಸ್ಟಾರ್ಟ್. ಹೊಟ್ಟೆಯ ಮೆಶ್‌ನದೇ ಒಂದು ಪ್ರತಿಯನ್ನು ಮೇಲಿಟ್ಟು ಮೇಕ್ ವಿತ್ ಟಾಪ್ ಆಬ್ಜೆಕ್ಟ್ ಕೊಡಿ. ಬೆಳಕು ಯಾವ ಬಾಗಿನಲ್ಲಿ ಹೋಗಿದೆಯೋ ಬಳ್ಳಿಯೂ ಅದೇ ಬಾಗಿನಲ್ಲಿ ಹೋಗುತ್ತದೆ. ಎರಡೂ ಒಂದೇ ಮೈಗೆ ಸೇರಿದವು ಎಂದು ಕಣ್ಣು ನಂಬುವುದು ಇದರಿಂದಲೇ. ಎನ್ವಲಪ್ ಆಯ್ಕೆಗಳಲ್ಲಿ ಫಿಡೆಲಿಟಿ (ಆಕಾರಕ್ಕೆ ಎಷ್ಟು ನಿಖರವಾಗಿ ಹೊಂದಬೇಕು ಎಂಬುದು) 85ರ ಆಸುಪಾಸಿರಲಿ. 100ಕ್ಕೆ ಇಟ್ಟರೆ ಎಕ್ಸ್‌ಪ್ಯಾಂಡ್ ಮಾಡಿದಾಗ ನೋಡ್‌ಗಳ (ಗೆರೆಯ ಬಿಂದುಗಳ) ಸಂತೆ, ಸಿಂಪ್ಲಿಫೈ ಮಾಡುತ್ತ ಕೂರಬೇಕಾಗುತ್ತದೆ.

ಎಕ್ಸ್‌ಪ್ಯಾಂಡ್ ಆದ ಬೆಳ್ಳಿಯನ್ನೆಲ್ಲ ಒಂದೇ ಆಕಾರವಾಗಿ ಸೇರಿಸಿ, ಅಂದರೆ ಒಂದೇ ಕಾಂಪೌಂಡ್ ಪಾತ್ ಮಾಡಿ. ಕಾಂಪೌಂಡ್ ಪಾತ್‌ಗೆ ಮೆಶ್ ಹತ್ತುವುದಿಲ್ಲ, ಆದರೆ ಅದು ಮಾಸ್ಕ್ ಆಗಬಲ್ಲದು. ಹೊಟ್ಟೆಯ ಮೆಶ್‌ನ ಇನ್ನೊಂದು ಪ್ರತಿಗೆ ಬೆಳ್ಳಿಯ ಬಣ್ಣ ತುಂಬಿ ಅದರೊಳಗೆ ಕ್ಲಿಪ್ ಮಾಡಿ. ಅದೇ 30 ಬಿಂದು, ಬಣ್ಣ ಮಾತ್ರ ಬೇರೆ. ಇಡೀ ಚಿತ್ರದ ಜೀವ ಇರುವುದು ಈ ಎರಡನೆಯ ಮೆಶ್‌ನಲ್ಲಿ. ಬೆಳ್ಳಿ ಎಂದರೆ ಬಿಳಿ ಎಂದುಕೊಂಡು ಎಲ್ಲ ಕಡೆ ಬಿಳಿ ತುಂಬಿದರೆ ಸ್ಟಿಕ್ಕರ್ ಅಂಟಿಸಿದ ಹಾಗಾಗುತ್ತದೆ. ನೆರಳಿನ ಕಡೆ ಬೆಳ್ಳಿ ಶೇ. 60–65 ಬೂದುವಿನ ತನಕ ಇಳಿಯಲೇಬೇಕು. ಎಣ್ಣೆಯ ಹೊಳಪು ಬಿದ್ದ ಕಡೆ ಕಪ್ಪು ತಿಳಿಯಾಗುತ್ತದೆ, ಬೆಳ್ಳಿಗೆ ಇನ್ನೂ ತಿಳಿಯಾಗಲು ಜಾಗವಿಲ್ಲ. ಹಾಗಾಗಿ ಅಲ್ಲಿ ಎರಡರ ಅಂತರ ಕುಗ್ಗುತ್ತದೆ. ಅಂಚಿನಲ್ಲಿ ಬೆಳ್ಳಿ ಹಿಂದಿನ ಕಪ್ಪು ಬಟ್ಟೆಯನ್ನೇ ಪ್ರತಿಫಲಿಸಿ ಹಠಾತ್ತನೆ ಕಂದುತ್ತದೆ. ಅಚ್ಚಿನ ನಾಲ್ಕು ಇಂಕುಗಳಲ್ಲಿ (ಸಿ ಸಯಾನ್, ಎಂ ಮೆಜೆಂಟಾ, ವೈ ಹಳದಿ, ಕೆ ಕಪ್ಪು) ನನ್ನ ಶೇಕಡಾ ಅಂಕಿಗಳು ಹೆಚ್ಚುಕಡಿಮೆ ಹೀಗಿವೆ: ಬೆಳಗುವಲ್ಲಿ ಸಿ 8, ಎಂ 6, ವೈ 8, ನಡುವೆ ಸಿ 28, ಎಂ 23, ವೈ 26, ಕತ್ತಲಲ್ಲಿ ಸಿ 45, ಎಂ 38, ವೈ 40, ಕೆ 30. ಬರಿಯ ಕಾಗದದ ಬಿಳುಪು ಇಡೀ ಹೂಜಿಯಲ್ಲಿ ನಾಲ್ಕೈದು ಸಾಸಿವೆ ಕಾಳಿನಷ್ಟು ಜಾಗಕ್ಕೆ ಮಾತ್ರ.

ತಂತಿಯ ಒಂದು ಬದಿಗೆ 0.15 ಪಾಯಿಂಟ್ ಕಪ್ಪುಗೆರೆ ಕೊಟ್ಟರೆ ಬಡಿದು ಕೂರಿಸಿದ ಸಂದು ಕಾಣುತ್ತದೆ. ಎರಡೂ ಬದಿಗೆ ಕೊಟ್ಟರೆ ಕೊರೆದಂತೆ ಕಾಣುತ್ತದೆ. ತಂತಿಯ ದಪ್ಪ ಎಲ್ಲೆಡೆ ಒಂದೇ ಇದ್ದರೆ ಯಂತ್ರದ ಕೆಲಸ ಅನ್ನಿಸುತ್ತದೆ, ಶೇ. 10ರಷ್ಟು ಏರಿಳಿತ ಬೇಕು. ಆ ಏರಿಳಿತಕ್ಕೆ ನಾನು ಕಟ್ಟಿಕೊಂಡ ಬ್ರಷ್ಷಿನ ಲೆಕ್ಕ ಮತ್ತು ಕತ್ತಿನ ಉಂಗುರಕ್ಕೆ ಮಿಂಚು ತರುವ ಬಗೆ, ಇವೆರಡನ್ನು ಇಲ್ಲಿ ಬಿಚ್ಚುವುದಿಲ್ಲ. ಅನ್ನ ಕೊಡುತ್ತಿರುವುದು ಅವೇ.

ನಡುವೆ ಕೆಲವು ಅಡ್ಡದಾರಿ ಪ್ರಯೋಗಗಳೂ ಆದವು. 2018ರ ಕೊನೆಗೆ ಬಂದ ಫ್ರೀಫಾರ್ಮ್ ಗ್ರೇಡಿಯೆಂಟ್ (ಬಲೆಯಿಲ್ಲದೆ ಬಿಡಿ ಬಿಂದುಗಳ ಬಣ್ಣ ಬೆರೆಸುವುದು) ಪಾದಕ್ಕೆ, ಬಾಯಿಯ ಒಳಗತ್ತಲಿಗೆ ಚೆನ್ನ. ನಾಲ್ಕು ಬಿಂದು ಇಟ್ಟರೆ ಆಯಿತು. ಹೊಟ್ಟೆಗೆ ಆಗದು, ಅಂಚನ್ನು ಗಡುಸು ಮಾಡುವ ಹಿಡಿತ ಅದಕ್ಕಿಲ್ಲ. ಬಾಯಿಯ ಅಂಚಿಗೆ ಬ್ಲೆಂಡ್ ಟೂಲೇ ಮೇಲು: ಎರಡು ಗೆರೆ, ನಡುವೆ 40–60 ಹೆಜ್ಜೆ. ನೆಲದ ನೆರಳಿಗೆ ಗಾಸಿಯನ್ ಬ್ಲರ್ ಹಾಕುವ ಬದಲು ಇನ್ನೊಂದು ಮೆಶ್ ಹಾಕಿ ಹೊರಬಿಂದುಗಳ ಒಪಾಸಿಟಿ 0 (ಪೂರ್ತಿ ಪಾರದರ್ಶಕ) ಮಾಡಿ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈಗೆ ಇಡಿ. ಇಲ್ಲಸ್ಟ್ರೇಟರ್ ಸಿಎಸ್5 ಆವೃತ್ತಿಯಿಂದ ಈಚೆಗೆ ಬಿಂದುವಿಗೇ ಒಪಾಸಿಟಿ ಕೊಡಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲೂ 0.92 ಆವೃತ್ತಿಯಿಂದ ಮೆಶ್ ಇದೆ. ಹೂಜಿಯ ಕತ್ತನ್ನು ಅದರಲ್ಲಿ ಮಾಡಿದಾಗ ಫಲಿತಾಂಶ ಚೆನ್ನಾಗಿಯೇ ಬಂತು, ದುಡ್ಡೂ ಇಲ್ಲ. ಆದರೆ ಬ್ರೌಸರ್‌ಗಳು ಎಸ್‌ವಿಜಿ (ವೆಬ್‌ಗೆ ಬಳಸುವ ವೆಕ್ಟರ್ ಫೈಲ್) ಮೆಶ್‌ಅನ್ನು ತಾವಾಗಿ ತೋರಿಸುವುದಿಲ್ಲ. ಇಲ್ಲಸ್ಟ್ರೇಟರ್‌ನಿಂದ ಎಸ್‌ವಿಜಿ ಮಾಡಿದರೂ ಮೆಶ್ ಇರುವ ಭಾಗ ಪಿಕ್ಸೆಲ್ ಚಿತ್ರವಾಗಿ ಬದಲಾಗಿ ಒಳಗೆ ಕೂರುತ್ತದೆ. ವೆಬ್‌ಗೆ ಪಿಎನ್‌ಜಿ ಕೊಟ್ಟುಬಿಡಿ. ಕಪ್ಪಿನ ಮೈಗೆ ಮರಳುಮರಳು ತರಲು ಎರಡು ಮೂರು ಸಾವಿರ ಚುಕ್ಕಿ ಚೆಲ್ಲಿದ್ದೂ ಆಯಿತು. ಫೈಲ್ ಭಾರವಾಯಿತು, ಅಚ್ಚಿನಲ್ಲಿ ಏನೂ ಕಾಣಲಿಲ್ಲ.

ಅಚ್ಚಿನ ಮಾತು. ಫೈಲನ್ನು ಮೊದಲಿನಿಂದಲೇ ಆ ನಾಲ್ಕು ಇಂಕುಗಳ ಸಿಎಂವೈಕೆಯಲ್ಲಿ ತೆರೆಯಿರಿ. ಆರ್‌ಜಿಬಿಯಲ್ಲಿ (ಪರದೆಯ ಬಣ್ಣ ವಿಧಾನದಲ್ಲಿ) ಮಾಡಿ ಕೊನೆಗೆ ಬದಲಿಸಿದರೆ ಕಪ್ಪು ಸಾಮಾನ್ಯವಾಗಿ ಸಿ 75, ಎಂ 68, ವೈ 67, ಕೆ 90 ಆಗುತ್ತದೆ. ಕೂಡಿದರೆ ಶೇ. 300. ಇಷ್ಟು ದೊಡ್ಡ ಕಪ್ಪು ಜಾಗಕ್ಕೆ ಅಷ್ಟು ಇಂಕ್ ಬಿದ್ದರೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ. ನಾನು ಸಿ 60, ಎಂ 50, ವೈ 50, ಕೆ 100 ದಾಟುವುದಿಲ್ಲ.

ಇದಕ್ಕಿಂತ ಕಾಡುವುದು ಬ್ಯಾಂಡಿಂಗ್, ಅಂದರೆ ನಯವಾಗಿ ಹರಿಯಬೇಕಾದ ಛಾಯೆ ಪಟ್ಟೆಪಟ್ಟೆಯಾಗುವುದು. ಕಪ್ಪಿನಲ್ಲಿ ಕೆ ಮಾತ್ರ 100ರಿಂದ 90ಕ್ಕೆ ಇಳಿಯುತ್ತದೆ ಎನ್ನಿ. 256 ಹಂತಗಳಲ್ಲಿ ಆ ಶೇ. 10ಕ್ಕೆ ಸಿಗುವುದು 25 ಹಂತ. ಅದನ್ನು 25 ಸೆಂ.ಮೀ. ಅಗಲಕ್ಕೆ ಹರಡಿದರೆ ಒಂದೊಂದು ಪಟ್ಟೆ 1 ಸೆಂ.ಮೀ., ಬರಿಗಣ್ಣಿಗೆ ಎದ್ದು ಕಾಣುತ್ತದೆ. ಕೆ ಇಳಿಯುವಾಗ ಸಿಯನ್ನೂ 60ರಿಂದ 40ಕ್ಕೆ, ಎಂ ಅನ್ನು 50ರಿಂದ 36ಕ್ಕೆ ಇಳಿಸಿ. ಮೂರು ಪ್ಲೇಟಿನ (ಒಂದೊಂದು ಇಂಕಿಗೂ ಇರುವ ಅಚ್ಚುತಗಡಿನ) ಹಂತಗಳು ಬೇರೆಬೇರೆ ಜಾಗದಲ್ಲಿ ಬಿದ್ದು ಪಟ್ಟೆ ಒಡೆಯುತ್ತದೆ. ಇಷ್ಟು ಸರಳ ಉಪಾಯಕ್ಕೆ ಬದಲಾಗಿ ಎಷ್ಟೋ ಜನ ಗ್ರೇನ್ ಹಾಕಿ ಚಿತ್ರ ಕೆಡಿಸಿಕೊಳ್ಳುತ್ತಾರೆ.

ಆಫ್‌ಸೆಟ್‌ಗೆ ಅಚ್ಚಿಗೆಂದೇ ಇರುವ ಪಿಡಿಎಫ್ ಎಕ್ಸ್-4 ಕೊಡಿ, ಟ್ರಾನ್ಸ್‌ಪರೆನ್ಸಿ ಹಾಗೇ ಉಳಿಯುತ್ತದೆ. ಟ್ರಾನ್ಸ್‌ಪರೆನ್ಸಿ ಒಪ್ಪದ ಎಕ್ಸ್-1ಎ ಕೇಳುವ ಪ್ರೆಸ್ ಆದರೆ ನೀವೇ ಫ್ಲ್ಯಾಟನ್ ಮಾಡಿ (ಪಾರದರ್ಶಕ ಪದರಗಳನ್ನು ಒಂದಾಗಿಸಿ), 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇದೆಯೇ ಎಂದು ನೋಡಿಯೇ ಕೊಡಿ. ಅವರ ಕೈಗೆ ಬಿಟ್ಟರೆ ನೆರಳಿನ ಸುತ್ತ ಚೌಕದ ಗೆರೆ ಬರುವುದುಂಟು. ನಾಲ್ಕು ಪ್ಲೇಟ್ ಮತ್ತೆ ಹಾಕಿಸಿದರೆ ಸಾವಿರದಿಂದ ಹದಿನೈದು ನೂರು ರೂಪಾಯಿ, ದಪ್ಪ ಕಾಗದದ ಬೋರ್ಡ್ ಅಚ್ಚಾಗಿಬಿಟ್ಟಿದ್ದರೆ ಲೆಕ್ಕವೇ ಬೇರೆ. ಐವತ್ತು ರೂಪಾಯಿಯ ಎ3 ಪ್ರೂಫ್ ತೆಗೆಸಲು ಜಿಪುಣತನ ಬೇಡ. ಫ್ಲೆಕ್ಸ್ ಅಂಗಡಿಯಲ್ಲಿ ಕೋರೆಲ್ ಡ್ರಾ ಇರುತ್ತದೆ. ಮೆಶ್ ಇರುವ, ಇಲ್ಲಸ್ಟ್ರೇಟರ್‌ನ ಎಐ ಫೈಲನ್ನು ಅದರಲ್ಲಿ ತೆರೆದರೆ ಚೂರುಚೂರಾಗಿಯೋ ಬಿಟ್‌ಮ್ಯಾಪ್ ಆಗಿಯೋ ಬರಬಹುದು. ಅವರಿಗೆ ಅಸಲಿ ಅಳತೆಯಲ್ಲೇ 72 ಪಿಪಿಐ ಟಿಫ್ ಮಾಡಿ ಕೊಡಿ. 8×4 ಅಡಿಗೆ 6912×3456 ಪಿಕ್ಸೆಲ್, ಸಿಎಂವೈಕೆಯಲ್ಲಿ ಸುಮಾರು 95 ಎಂಬಿ.

ದುಡ್ಡಿನ ವಿಷಯ. ಮೊದಲ ಹೂಜಿ ಸುಮಾರು 45 ಗಂಟೆ ತಿಂದಿತು. ಆಗ ಸಿಕ್ಕಿದ ಹನ್ನೆರಡು ಸಾವಿರವನ್ನು ಗಂಟೆಗೆ ಹಂಚಿದರೆ ಲೇಔಟ್ ಕೆಲಸಕ್ಕಿಂತ ಕಡಿಮೆ. ಈಗ ಹೂದಾನಿ, ಹುಕ್ಕಾ ಬುಡ, ಡಬ್ಬಿ ಯಾವುದೇ ಆಗಲಿ, ಹಳೆಯ ಹೊಟ್ಟೆಯ ಮೆಶ್‌ಅನ್ನೇ ಎಳೆದು ಹೊಸ ಆಕಾರಕ್ಕೆ ತರುತ್ತೇನೆ. ಬೆಳ್ಳಿಯ ಮೆಶ್ ಜೊತೆಗೇ ಬರುತ್ತದೆ. ಹದಿನೆಂಟು ಇಪ್ಪತ್ತು ಗಂಟೆಯಲ್ಲಿ ಮುಗಿಯುತ್ತದೆ, ದರ ಇಪ್ಪತ್ತು ಸಾವಿರದ ಹತ್ತಿರ. ಕೊಟೇಶನ್ ಹಾಕುವಾಗ ಚಿತ್ತಾರ ಬರೆಯುವುದಕ್ಕೆ ಬೇರೆ ದರ ಹಾಕಿ. ಬಳ್ಳಿಯಾದರೆ ಒಂದು ಮಡಿ ಬರೆದರೆ ಸಾಕು, ಅಶ್ರಫಿ ಕಿ ಬೂಟಿ ಎಂಬ ಬಿದ್ರಿ ಚಿತ್ತಾರದಂತೆ ಮೈತುಂಬ ಒತ್ತೊತ್ತಾಗಿ ತುಂಬುವುದಾದರೆ ಗಂಟೆಗಳ ಲೆಕ್ಕ ದುಪ್ಪಟ್ಟಾಗುತ್ತದೆ. ಗಿರಾಕಿಗೆ ಅದು ಮೊದಲೇ ಗೊತ್ತಿರಲಿ.