ಹರಾಜನ್ನೇ ಹಂಗಿಸುವ ಚಿತ್ರ: ಅರ್ಥ ಓದುವ, ಬೆಲೆ ತಿಳಿಯುವ ಕ್ರಮ

ಕಲಬುರಗಿಯ ಪರಿಚಿತರೊಬ್ಬರಿಗೆ ಲಂಡನ್ನಿನಲ್ಲಿರುವ ಅವರ ಅಳಿಯ ಒಂದು ಚಿತ್ರವನ್ನು ಕಳಿಸಿದ್ದರು. ಜನ ಕಿಕ್ಕಿರಿದ ಸಭಾಂಗಣ, ಕೂಗುತ್ತಿರುವ ಹರಾಜುಗಾರ, ಎದುರಿಗೆ ದೊಡ್ಡ ಚೌಕಟ್ಟು. ಚೌಕಟ್ಟಿನೊಳಗೆ ಮಾತ್ರ ಚಿತ್ರವಿಲ್ಲ, ಈ ಕಸವನ್ನು ಮೂರ್ಖರಾದ ನೀವು ನಿಜವಾಗಿಯೂ ಕೊಳ್ಳುತ್ತೀರಿ ಎಂದರೆ ನಂಬಲಾಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಬೈಗುಳವಿದೆ. ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ ‘ಮೊರಾನ್ಸ್’ ಅದು. “ಇದರ ಅರ್ಥವೇನು, ಇದಕ್ಕೆ ಎಷ್ಟು ಬಂದೀತು?” ಎಂದು ಅವರು ಒಂದೇ ಉಸಿರಿನಲ್ಲಿ ಕೇಳಿದರು. ಆದರೆ ಇವೆರಡನ್ನೂ ಹುಡುಕುವ ದಾರಿ ಒಂದೇ ಅಲ್ಲ. ಅರ್ಥ ಚಿತ್ರದೊಳಗಿದೆ, ಬೆಲೆ ಬಹುಪಾಲು ದಾಖಲೆಯಲ್ಲಿದೆ.

ಅರ್ಥ ತಿಳಿಯಲು, ವ್ಯಂಗ್ಯ ಯಾರತ್ತ ತಿರುಗಿದೆ ಎಂಬುದನ್ನು ಮೊದಲು ಗುರುತಿಸಬೇಕು. ಡಚ್ ಚಿತ್ರಕಾರ ವ್ಯಾನ್ ಗೋನ ಸೂರ್ಯಕಾಂತಿ ಹೂಗಳ ಚಿತ್ರವೊಂದು 1987ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 2 ಕೋಟಿ 47 ಲಕ್ಷ ಪೌಂಡಿಗೆ ಹೋಯಿತು. ಬ್ಯಾಂಕ್ಸಿಯ ಚಿತ್ರಕ್ಕೆ ಆಧಾರ ಆ ಸಂದರ್ಭವೇ. ಬದುಕಿರುವಾಗ ವ್ಯಾನ್ ಗೋನ ಚಿತ್ರಗಳನ್ನು ಕೊಂಡವರು ತೀರ ವಿರಳ ಎಂಬುದನ್ನು ನೆನೆದರೆ, ಬೈಗುಳ ತಗಲುವುದು ಕಲೆಗಲ್ಲ, ಹಣ ಏರಿದ ಮೇಲಷ್ಟೇ ಕಲೆಯನ್ನು ಕಾಣುವ ಕಣ್ಣಿಗೆ ಎಂಬುದು ಸ್ಪಷ್ಟವಾಗುತ್ತದೆ. ಇದೇ ಚಿತ್ರವನ್ನು ಜನ ಹರಾಜಿನಲ್ಲಿ ಕೊಳ್ಳುತ್ತಿರುವುದರಿಂದ ಆ ಮಾತು ಪ್ರತಿ ಸಲವೂ ಹೊಸದಾಗಿ ನಿಜವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಈ ಕೃತಿಯ ಶಕ್ತಿ. 2018ರ ಅಕ್ಟೋಬರಿನಲ್ಲಿ ಸದಬೀಸ್ ಹರಾಜಿನಲ್ಲಿ ಸುಮಾರು 10 ಲಕ್ಷ ಪೌಂಡಿಗೆ ಮಾರಾಟವಾದ ಕ್ಷಣದಲ್ಲೇ, ಚೌಕಟ್ಟಿನೊಳಗೆ ಅಡಗಿಸಿದ್ದ ಯಂತ್ರಕ್ಕೆ ಸಿಕ್ಕಿ ಅರ್ಧ ಚಿಂದಿಯಾದ ಬ್ಯಾಂಕ್ಸಿಯ ಬಲೂನು ಹುಡುಗಿಯ ಚಿತ್ರ, ಮೂರು ವರ್ಷಗಳ ನಂತರ 1 ಕೋಟಿ 85 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಮತ್ತೆ ಮಾರಾಟವಾಯಿತು. ಅಣಕ ಬೆಲೆಯನ್ನು ಇಳಿಸುತ್ತದೆ ಎಂಬ ಎಣಿಕೆ ಆದ್ದರಿಂದ ಸರಿಯಲ್ಲ.

ಈಗ ಕೈಯಲ್ಲಿರುವ ಪ್ರತಿಯ ಪರೀಕ್ಷೆ. ಅಸಲಿ ಪ್ರತಿ ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿಯ ಮೂಲಕ ಶಾಯಿ ಹಾಯಿಸಿ ಅಚ್ಚು ಹಾಕಿದ್ದು; ಲಗ್ನಪತ್ರಿಕೆಗಳನ್ನು ಅಚ್ಚು ಹಾಕುತ್ತಿದ್ದ ವಿಧಾನವೇ. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣ ಕಾಗದದ ಮೇಲೆ ಗಟ್ಟಿ ಪದರವಾಗಿ ಕುಳಿತಿರಬೇಕು. ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳು ಬೆರೆತು ಕಂಡರೆ ಅದು ಕೆಲವು ನೂರು ರೂಪಾಯಿಗೆ ಸಿಗುವ ಪೋಸ್ಟರ್. ಕಾಗದದ ಅಳತೆ ಸುಮಾರು 56 ಸೆಂಟಿಮೀಟರ್, 76 ಸೆಂಟಿಮೀಟರ್ ಇರಬೇಕು. ಆದರೆ ಸ್ಕ್ರೀನ್ ಪ್ರಿಂಟ್ ಎಂದು ಖಚಿತವಾದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ, ಏಕೆಂದರೆ ನಕಲು ಮಾಡುವವನ ಬಳಿಯೂ ಅದೇ ಜಾಲರಿ, ಅದೇ ಶಾಯಿ ಇರುತ್ತದೆ. 2007ರ ಬಿಳಿ ಹಿನ್ನೆಲೆಯ ಆವೃತ್ತಿಯಲ್ಲಿ ಸಹಿಯುಳ್ಳ 150, ಸಹಿಯಿಲ್ಲದ 500 ಪ್ರತಿಗಳಿದ್ದವು. ಆ ಆವೃತ್ತಿಯದೆನ್ನುವ ಪ್ರತಿಯ ಅಂಚಿನಲ್ಲಿ ಬರೆದ ಸಂಖ್ಯೆ ಈ ಲೆಕ್ಕಕ್ಕೆ ಹೊಂದದಿದ್ದರೆ ಅನುಮಾನಿಸಬೇಕು.

ನಿರ್ಣಾಯಕವಾದದ್ದು ಪ್ರಮಾಣಪತ್ರ. 2008ರಲ್ಲಿ ಸ್ಥಾಪನೆಯಾದ ‘ಪೆಸ್ಟ್ ಕಂಟ್ರೋಲ್’ ಎಂಬ ಕಚೇರಿಯೊಂದೇ ಬ್ಯಾಂಕ್ಸಿಯ ಪರವಾಗಿ ಇದನ್ನು ಕೊಡುತ್ತದೆ. ಪತ್ರಕ್ಕೆ ಬ್ರಿಟನ್ನಿನ ರಾಜಕುಮಾರಿ ಡಯಾನಾ ಮುಖವಿರುವ ಹತ್ತು ಪೌಂಡಿನ ಅಣಕು ನೋಟಿನ ಹರಿದ ಅರ್ಧವನ್ನು ಪಿನ್ನು ಹೊಡೆದಿರುತ್ತಾರೆ, ಉಳಿದರ್ಧ ಕಚೇರಿಯಲ್ಲಿರುತ್ತದೆ. ಎರಡೂ ತುಂಡುಗಳು ಹೊಂದಿದರೆ ಮಾತ್ರ ಪತ್ರ ನಿಜ. ಮಾರುವವರು ತಾವೇ ಅಚ್ಚು ಹಾಕಿಸಿದ ಖಾತರಿ ಪತ್ರಕ್ಕೆ ಯಾವ ಬೆಲೆಯೂ ಇಲ್ಲ.

ಬೆಲೆಯ ಅಂದಾಜಿಗೆ ನಮ್ಮ ಗಂಜ್‌ನ ನಿಯಮವೇ ಸಾಕು: ತೊಗರಿಗೆ ಮಾಲೀಕ ಹೇಳುವ ದರ ಬೇರೆ, ಲಿಲಾವಿನಲ್ಲಿ ನಿಂತ ದರ ಬೇರೆ. ಜಾಲತಾಣದ ಅಂಗಡಿಗಳು ಕೇಳುವ ಮೊತ್ತವನ್ನು ಬಿಟ್ಟು, ಹರಾಜು ಸಂಸ್ಥೆಗಳು ಪ್ರಕಟಿಸುವ ಮಾರಾಟದ ಫಲಿತಾಂಶಗಳನ್ನು ನೋಡಿರಿ. ಅದೇ ಆವೃತ್ತಿ, ಅದೇ ಬಣ್ಣ, ಸಹಿ ಇದೆಯೇ ಇಲ್ಲವೇ, ಕಾಗದದ ಸ್ಥಿತಿ ಹೇಗಿದೆ ಎಂಬುದನ್ನು ಹೋಲಿಸಬೇಕು. 2021ರ ಸುಮಾರಿಗೆ ಈ ಮಾರುಕಟ್ಟೆ ತುತ್ತತುದಿಗೆ ಏರಿ ಬಳಿಕ ಇಳಿದಿರುವುದರಿಂದ, ಆ ವರ್ಷದ ದರವನ್ನು ಇಂದಿಗೆ ಅನ್ವಯಿಸಬಾರದು. ಪ್ರಕಟವಾದ ಮೊತ್ತದಲ್ಲಿ ಸಾಮಾನ್ಯವಾಗಿ ಕೊಂಡವರು ಸಂಸ್ಥೆಗೆ ತೆತ್ತ ಶುಲ್ಕವೂ ಸೇರಿರುತ್ತದೆ, ಅಷ್ಟೂ ಮಾರಿದವರ ಕೈಗೆ ಬರುವುದಿಲ್ಲ.

ಇನ್ನು ಕಾಪಾಡುವ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ. ಫ್ರೇಮ್ ಅಂಗಡಿಯಲ್ಲಿ ಹಾರ್ಡ್‌ಬೋರ್ಡಿಗೆ ಅಂಟು ಹಚ್ಚಿ ಕೂಡಿಸಲು ಅಥವಾ ಲ್ಯಾಮಿನೇಷನ್ ಮಾಡಲು ಎಂದೂ ಒಪ್ಪಬೇಡಿ, ಅಂಚುಗಳನ್ನು ಕತ್ತರಿಸಲು ಬಿಡಬೇಡಿ. ಅಲ್ಲಿಗೆ ಬೆಲೆಯ ಬಹುಭಾಗ ಹೋಗುತ್ತದೆ, ಮತ್ತೆ ಸರಿಪಡಿಸುವುದು ಕಷ್ಟ. ಆಮ್ಲರಹಿತ ರಟ್ಟನ್ನು ಬಳಸಿ, ಗಾಜಿಗೆ ಚಿತ್ರ ತಾಗದಂತೆ ಅಂತರವಿಡಿಸಿರಿ. ನಮ್ಮ ಬೇಸಿಗೆಯಲ್ಲಿ ಕಾದು ನಿಲ್ಲುವ ಪಡುವಣ ಗೋಡೆಯೂ ಗೆದ್ದಲು ಹಿಡಿಯುವ ಗೋಡೆಯೂ ಬೇಡ. ಪ್ರಮಾಣಪತ್ರವನ್ನು ಚೌಕಟ್ಟಿನ ಹಿಂದೆ ಸಿಕ್ಕಿಸದೆ, ಕೊಂಡ ರಸೀದಿಯೊಡನೆ ಮನೆಯ ಹಕ್ಕುಪತ್ರಗಳ ಜೊತೆಗೇ ಇಡಿರಿ.